ಹಿಮ ಬೀಳುವ ಕಡೆ ಎಲೆಕ್ಟ್ರಿಕ್ ಕಾರು: ಬಾಯಿಮಾತು ನಂಬಿ ಸಹಿ ಹಾಕಬೇಡಿ

ಹಿಮ ಬೀಳುವ ಕಡೆ ಇದ್ದು ಎಲೆಕ್ಟ್ರಿಕ್ ಕಾರು ತಗೊಳ್ಳುವುದಾ ಬೇಡವಾ ಅಂತ ಯೋಚಿಸುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನಮಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ಎಲೆಕ್ಟ್ರಿಕ್ ಕಾರೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾರ್ವೆಯಂಥ ಚಳಿ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್ ಕಾರುಗಳೇ. ಹಾಗಾಗಿ ಚಳಿಯಲ್ಲಿ ಓಡುವುದೇ ಇಲ್ಲ ಅನ್ನುವುದು ಸುಳ್ಳು. ಆದರೆ ನೀವು ತಗೊಳ್ಳುವ ಕಾರಿನೊಳಗೆ ಏನಿದೆ ಏನಿಲ್ಲ ಅನ್ನುವ ವಿಷಯದಲ್ಲಿ ಶೋರೂಮಿನ ಮಾತಿಗೂ ಜನವರಿಯ ರಸ್ತೆಗೂ ಅಜಗಜಾಂತರ.

ನಾವು ಕಾರು ತಗೊಂಡಿದ್ದು ಬೇಸಿಗೆಯಲ್ಲಿ. ಬುಕ್ ಮಾಡುವಾಗ ಎರಡೇ ಪ್ರಶ್ನೆ ಕೇಳಿದ್ದೆ. ಚಳಿಗಾಲದಲ್ಲಿ ಎಷ್ಟು ದೂರ ಹೋಗುತ್ತೆ? ಇದರಲ್ಲಿ ಹೀಟ್ ಪಂಪ್ (ಕಮ್ಮಿ ಕರೆಂಟಿನಲ್ಲಿ ಕಾರಿನ ಒಳಗನ್ನು ಬೆಚ್ಚಗಿಡುವ ಸಾಧನ) ಇದೆಯಾ? ಎರಡಕ್ಕೂ ಶೋರೂಮಿನ ಸೇಲ್ಸ್ ಮನುಷ್ಯ ಒಂದು ಕ್ಷಣವೂ ತಡವರಿಸದೆ ಉತ್ತರ ಕೊಟ್ಟ. ‘ಹೀಟ್ ಪಂಪ್ ಎಲ್ಲ ಮಾಡೆಲ್‌ಗೂ ಬರುತ್ತೆ ಸರ್. ಬ್ಯಾಟರಿ ತಾನೇ ಬಿಸಿ ಮಾಡಿಕೊಳ್ಳುತ್ತೆ. ಚಳಿಯಲ್ಲಿ ಹತ್ತು ಪರ್ಸೆಂಟ್ ಕಮ್ಮಿ ಆಗಬಹುದು, ಅಷ್ಟೇ.’ ಬ್ರೋಷರ್‌ನಲ್ಲಿ ರೇಂಜ್, ಅಂದರೆ ಒಂದು ಸಲ ಫುಲ್ ಚಾರ್ಜ್ ಮಾಡಿದರೆ ಹೋಗುವ ದೂರ, 420 ಕಿಲೋಮೀಟರ್ ಅಂತ ಇತ್ತು. ಹತ್ತು ಪರ್ಸೆಂಟ್ ಕಳೆದರೂ ನಮಗೆ ಧಾರಾಳ ಸಾಕು.

ಮೊದಲ ದೊಡ್ಡ ಚಳಿಯಲ್ಲೇ ಬಣ್ಣ ಬಯಲಾಯಿತು. ಹೊರಗೆ ಮೈನಸ್ 18 ಡಿಗ್ರಿ. ಕಾರು ರಾತ್ರಿಯೆಲ್ಲ ಬಯಲಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ನಮ್ಮ ಚಿಕ್ಕ ಮಗಳು. ಹೈವೇ ಹತ್ತಿದ ಸ್ವಲ್ಪ ಹೊತ್ತಿಗೇ ಡಿಸ್‌ಪ್ಲೇ ನೋಡಿ ನನ್ನ ಹೆಂಡತಿ ಸುಮ್ಮನಾದಳು: ಕಾರು ಒಂದು ಕಿಲೋಮೀಟರ್ ಹೋದರೆ ರೇಂಜ್ ಎರಡು ಕಿಲೋಮೀಟರ್ ಇಳಿಯುತ್ತಿತ್ತು. ಹೀಟರ್ ಆಫ್ ಮಾಡಿ ನೋಡಿದೆವು. ನಮ್ಮ ಉಸಿರಿನ ಹಬೆಯೇ ಗಾಜಿನ ಒಳಮೈಗೆ ಕೂತು, ಅಂಚುಗಳಿಂದ ಶುರುವಾಗಿ ಬಿಳಿ ಬಿಳಿಯಾಗಿ ಹೆಪ್ಪುಗಟ್ಟುತ್ತಾ ಬಂತು, ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ, ರಸ್ತೆಯೇ ಕಾಣದ ಹಾಗಾದಾಗ ಮತ್ತೆ ಹೀಟರ್ ಹಾಕಲೇಬೇಕಾಯಿತು. ಅಂಥ ಚಳಿಯಲ್ಲಿ ಹೀಟರ್ ಅನ್ನುವುದು ಸುಖದ ವಸ್ತು ಅಲ್ಲ. ಅದಿಲ್ಲದೆ ಗಾಡಿ ಓಡಿಸಲು ಆಗುವುದಿಲ್ಲ.

ಹೇಗೋ ಚಾರ್ಜಿಂಗ್ ಸ್ಟೇಷನ್ ತಲುಪಿದೆವು. ಇದ್ದದ್ದು ಎರಡು ಯಂತ್ರ. ಒಂದರ ಸ್ಕ್ರೀನ್ ಸತ್ತಿತ್ತು. ಇನ್ನೊಂದರ ಮುಂದೆ ರಸ್ತೆಯ ಹಿಮವನ್ನೆಲ್ಲ ತಳ್ಳಿ ಗುಡ್ಡೆ ಹಾಕಿದ್ದರು. ಕಾರಿನ ಚಾರ್ಜಿಂಗ್ ಮುಚ್ಚಳ ಮಂಜುಗಡ್ಡೆ ಕಟ್ಟಿ ಅಂಟಿಕೊಂಡಿತ್ತು, ಅಂಗೈಯಿಂದ ಸುತ್ತಲೂ ತಟ್ಟಿ ತಟ್ಟಿ ಬಿಡಿಸಿದೆ. ಪ್ಲಗ್ ಹಾಕಿದರೆ 150 ಕಿಲೋವ್ಯಾಟ್ ಅಂತ ಬರೆದಿದ್ದ ಯಂತ್ರ ಕೊಡುತ್ತಿದ್ದದ್ದು 22. ಯಂತ್ರದ ದೋಷ ಅಲ್ಲ ಅದು, ನಮ್ಮ ಬ್ಯಾಟರಿ ತಣ್ಣಗಿತ್ತು. ಮಗಳು ಅತ್ತೆಯ ಶಾಲಿನೊಳಗೆ ಮುದುಡಿಕೊಂಡು ‘ಅಜ್ಜಿ, ಕಾಲು ನೋಯುತ್ತೆ’ ಅಂತ ಅಳುತ್ತಿದ್ದಳು. ಹೀಟರ್ ಜೋರಾಗಿ ಹಾಕೋಣ ಅಂದರೆ ಒಳಗೆ ಬರುತ್ತಿರುವ ಕರೆಂಟಿನಲ್ಲೇ ಒಂದು ಪಾಲು ಅದಕ್ಕೆ ಹೋಗುತ್ತೆ. ಆ ಹೊತ್ತು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ಆಮೇಲೆ ಸರ್ವೀಸ್ ಸೆಂಟರ್‌ನಲ್ಲಿ ಚಾಸಿ ನಂಬರ್ ಹಾಕಿ ಪಟ್ಟಿ ತೆಗೆಸಿದಾಗ ಗೊತ್ತಾಯಿತು. ನಮ್ಮ ವೇರಿಯಂಟ್‌ಗೆ ಹೀಟ್ ಪಂಪ್ ಬರುವುದೇ ಇಲ್ಲ. ಚಾರ್ಜಿಂಗ್‌ಗೆ ಮುಂಚೆ ಬ್ಯಾಟರಿ ಬಿಸಿ ಮಾಡುವ ವ್ಯವಸ್ಥೆಯೂ ಇಲ್ಲ. ಎರಡೂ ಮೇಲಿನ ವೇರಿಯಂಟ್‌ಗೆ ಮಾತ್ರ. ಶೋರೂಮಿನವರನ್ನು ಕೇಳಿದರೆ ‘ಏನೋ ತಪ್ಪು ತಿಳುವಳಿಕೆ ಆಗಿರಬೇಕು, ಕಾಗದದಲ್ಲಿ ಹಾಗೆ ಬರೆದಿಲ್ಲವಲ್ಲ’ ಅಂದರು.

ಇದರಿಂದ ಯಾಕೆ ಇಷ್ಟು ವ್ಯತ್ಯಾಸ ಆಗುತ್ತೆ ಅಂತ ತಿಳಿದುಕೊಂಡಿರಿ, ಆಗ ಯಾರೂ ನಿಮ್ಮ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಪೆಟ್ರೋಲ್ ಎಂಜಿನ್ ಓಡುವಾಗ ಸಿಕ್ಕಾಪಟ್ಟೆ ಬಿಸಿ ವ್ಯರ್ಥವಾಗುತ್ತೆ, ಅದರಲ್ಲೇ ಒಳಗೆಲ್ಲ ಬೆಚ್ಚಗಾಗುತ್ತೆ. ಎಲೆಕ್ಟ್ರಿಕ್ ಮೋಟಾರಿನಲ್ಲಿ ಹಾಗೆ ವ್ಯರ್ಥವಾಗುವ ಬಿಸಿ ತೀರಾ ಕಮ್ಮಿ, ಹಾಗಾಗಿ ಕಾರಿನ ಒಳಗನ್ನು ಬ್ಯಾಟರಿಯ ಕರೆಂಟಿನಲ್ಲೇ ಕಾಯಿಸಬೇಕು. ಮಾಮೂಲಿ ಕಾಯಿಲ್ ಥರದ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಡುತ್ತೆ. ಹೀಟ್ ಪಂಪ್ ಹೊರಗಿನ ಗಾಳಿಯಿಂದಲೂ ಬಿಸಿ ಎಳೆದುಕೊಂಡು, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅಷ್ಟೇ ಕರೆಂಟಿಗೆ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬಿಸಿ ಕೊಡುತ್ತೆ. ಮೈನಸ್ 15, 20ಕ್ಕೆ ಇಳಿದರೆ ಅದರ ಲಾಭವೂ ಕಮ್ಮಿಯಾಗುತ್ತಾ ಹೋಗುತ್ತೆ, ಅದನ್ನೂ ಮುಚ್ಚಿಡುವುದು ಬೇಡ. ಆದರೆ ಚಳಿಗಾಲದ ಬಹುಪಾಲು ದಿನ ಅಷ್ಟು ಕೆಳಗೆ ಹೋಗುವುದಿಲ್ಲ ಅಲ್ವಾ?

ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಪರೀಕ್ಷೆ ಮಾಡಿ ನೋಡಿದೆ. ಸುಮಾರು ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕದೆ ಓಡಿಸಿದರೆ ರೇಂಜ್ ಸರಾಸರಿ 12 ಪರ್ಸೆಂಟ್ ಇಳಿಯಿತು. ಹೀಟರ್ ಹಾಕಿದರೆ 41. ಅಂದರೆ ಚಳಿಗಿಂತ ಜಾಸ್ತಿ ತಿನ್ನುವುದು ಹೀಟರ್. ನಮಗೆ ಹೇಳಿದ ಆ ‘ಹತ್ತು ಪರ್ಸೆಂಟ್’ ಹೀಟರ್ ಹಾಕದೆ ನಡುಗುತ್ತಾ ಹೋಗುವವರ ಲೆಕ್ಕ! ಬ್ರೋಷರ್‌ನ ಡಬ್ಲ್ಯುಎಲ್‌ಟಿಪಿ (ರೇಂಜ್ ಅಳೆಯುವ ಲ್ಯಾಬ್ ಪರೀಕ್ಷೆ) ರೇಂಜ್ ಅಂತೂ 23 ಡಿಗ್ರಿ ಬೆಚ್ಚಗಿನ ಕೋಣೆಯಲ್ಲಿ ತೆಗೆದದ್ದು. ಅದನ್ನು ಇಟ್ಟುಕೊಂಡು ಚಳಿಗಾಲದ ಲೆಕ್ಕ ಹಾಕಲೇಬೇಡಿ. ಚಿಕ್ಕ ಚಿಕ್ಕ ಓಡಾಟವಾದರೆ ಇನ್ನೂ ಕಷ್ಟ, ನಿಲ್ಲಿಸಿ ಹೊರಟಾಗೆಲ್ಲ ತಣ್ಣಗಾದ ಕಾರನ್ನು ಮೊದಲಿಂದ ಕಾಯಿಸಬೇಕು.

ಚಾರ್ಜಿಂಗ್ ವಿಷಯ ಬೇರೆ. ಬ್ಯಾಟರಿಯೊಳಗಿನ ದ್ರವ ಚಳಿಗೆ ಎಣ್ಣೆಯ ಹಾಗೆ ಮಂದವಾಗುತ್ತೆ, ಅದರಲ್ಲಿ ಕರೆಂಟ್ ಹೊರುವ ಲಿಥಿಯಂ ಬ್ಯಾಟರಿಯ ಪದರದೊಳಗೆ ಸಲೀಸಾಗಿ ಹೋಗುವುದಿಲ್ಲ. ಆಗ ಜೋರಾಗಿ ಕರೆಂಟ್ ನುಗ್ಗಿಸಿದರೆ ಲಿಥಿಯಂ ಒಳಗೆ ಹೋಗುವ ಬದಲು ಮೇಲೆಯೇ ಲೋಹವಾಗಿ ಕೂರುತ್ತೆ, ಬ್ಯಾಟರಿ ಹಾಳು. ಅದಕ್ಕೇ ಕಾರಿನ ಕಂಪ್ಯೂಟರ್ ಕರೆಂಟನ್ನು ಇಳಿಸಿಬಿಡುತ್ತೆ. ಬ್ಯಾಟರಿಯನ್ನು ದಾರಿಯಲ್ಲೇ ಬಿಸಿ ಮಾಡಿಕೊಳ್ಳುವ ಕಾರಾದರೆ ಈ ಗೋಳು ಬಹಳ ಕಮ್ಮಿ, ಆದರೆ ಕೆಲವು ಕಾರುಗಳಲ್ಲಿ ನ್ಯಾವಿಗೇಷನ್‌ನಲ್ಲಿ ಚಾರ್ಜಿಂಗ್ ಸ್ಟೇಷನ್ ಹಾಕಿದರೆ ಮಾತ್ರ ಅದು ಶುರುವಾಗುತ್ತೆ. 2024ರ ಜನವರಿಯ ಕಡು ಚಳಿಯಲ್ಲಿ ಅಮೆರಿಕದ ಷಿಕಾಗೋದಲ್ಲಿ ಚಾರ್ಜರ್‌ಗಳ ಮುಂದೆ ಸಾಲುಗಟ್ಟಿ ಕಾರುಗಳು ನಿಂತಿದ್ದವಲ್ಲ, ಅಲ್ಲೂ ಕೆಟ್ಟ ಯಂತ್ರಗಳ ಜೊತೆ ತಣ್ಣಗಿನ ಬ್ಯಾಟರಿಯದೇ ಕಥೆ.

ಹಾಗಾಗಿ ಮನೆಯಲ್ಲಿ ಸ್ವಂತ ಚಾರ್ಜರ್ ಹಾಕಿಸಲು ಜಾಗ ಇಲ್ಲ ಅಂದರೆ, ಹಿಮ ಬೀಳುವ ಕಡೆ ಸದ್ಯಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಮನೆಯಲ್ಲಿ ಚಾರ್ಜರ್ ಇದ್ದರೆ ಹೊರಡುವ ಮುಂಚೆಯೇ ಗೋಡೆಯ ಕರೆಂಟಿನಲ್ಲಿ ಕಾರು ಬೆಚ್ಚಗಾಗುತ್ತೆ, ಗಾಜಿನ ಹಿಮವೂ ಕರಗಿರುತ್ತೆ. ಮಾಮೂಲಿ ಸಣ್ಣ ಸಾಕೆಟ್ ಸಾಕು ಅನ್ನುವವರನ್ನು ನಂಬಬೇಡಿ. ತೀರಾ ಚಳಿಯಲ್ಲಿ ಅದರಿಂದ ಬರುವ ಕರೆಂಟಿನ ದೊಡ್ಡ ಪಾಲು ಬ್ಯಾಟರಿ ಬಿಸಿ ಮಾಡಲಿಕ್ಕೇ ಖರ್ಚಾಗಬಹುದು.

ಹಿಮದಲ್ಲಿ ಟ್ರಾಫಿಕ್ ಜಾಮ್ ಆದರೆ ಸತ್ತೇ ಹೋಗುತ್ತೇವೆ ಅಂತ ಹೆದರಿಸುವವರೂ ಇದ್ದಾರೆ. ಅದು ಸರಿಯಲ್ಲ. ನಿಂತ ಕಾರನ್ನು ಬೆಚ್ಚಗಿಡಲು ಗಂಟೆಗೆ ಸುಮಾರು 2 ಯೂನಿಟ್ ಬೇಕು ಅಂದುಕೊಂಡರೂ, 60 ಯೂನಿಟ್ ಬ್ಯಾಟರಿ ಅರ್ಧ ಇದ್ದರೆ ರಾತ್ರಿ ಕಳೆಯಬಹುದು. ಸೀಟ್ ಹೀಟರ್ ಇದ್ದರೆ ಅದನ್ನೇ ಹಾಕಿಕೊಳ್ಳಿ, ಅದಕ್ಕೆ ಬೇಕಾಗುವ ಕರೆಂಟ್ ಏನೂ ಅಲ್ಲ.

ಈಗ ತಗೊಳ್ಳುವವರು ಹೀಗೆ ಮಾಡಿ. ಹೀಟ್ ಪಂಪ್ ಮತ್ತು ಬ್ಯಾಟರಿ ಬಿಸಿ ಮಾಡುವ ವ್ಯವಸ್ಥೆ, ಎರಡನ್ನೂ ನಿಮಗೆ ಕೊಡುವ ಕಾರಿನ ಚಾಸಿ ನಂಬರಿನ ಸಮೇತ ಕಾಗದದಲ್ಲಿ ಬರೆಸಿಕೊಳ್ಳಿ. ‘ಈ ಮಾಡೆಲ್‌ಗೆ ಬರುತ್ತೆ’ ಅಂದರೆ ಸಾಲದು, ವೇರಿಯಂಟ್ ಬದಲಾದರೆ ಎಲ್ಲ ಬದಲಾಗುತ್ತೆ. ಟೆಸ್ಟ್ ಡ್ರೈವ್ ಚಳಿಗಾಲದಲ್ಲೇ ಮಾಡಿ, ಅದೂ ರಾತ್ರಿಯೆಲ್ಲ ಹೊರಗೆ ನಿಂತ ಕಾರನ್ನು ಬೆಳಿಗ್ಗೆ ತಗೊಂಡು ಹೈವೇ ಮೇಲೆ. ಚಳಿಗಾಲದಲ್ಲಿ ನೀವು ಮಾಡಲೇಬೇಕಾದ ದೂರದ ಪ್ರಯಾಣದ ಎರಡು ಪಟ್ಟು ಬ್ರೋಷರ್ ರೇಂಜ್ ಇದೆಯಾ ನೋಡಿ. ವಿಂಟರ್ ಟೈರಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಈ ಕಾರುಗಳ ತೂಕ ಜಾಸ್ತಿ, ಆ ಭಾರ ತಡೆಯುವ ಟೈರೇ ಬೇಕು. ಮಂಜುಗಡ್ಡೆಯ ರಸ್ತೆಯಲ್ಲಿ ರೀಜನ್ ಬ್ರೇಕ್ (ಮೋಟಾರೇ ಕಾರನ್ನು ನಿಧಾನ ಮಾಡಿ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುವ ವ್ಯವಸ್ಥೆ) ಕಮ್ಮಿ ಇಟ್ಟು ಓಡಿಸಿ, ಇಲ್ಲದಿದ್ದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ತಕ್ಷಣ ಚಕ್ರ ಜಾರಬಹುದು.

ನಮ್ಮ ದೂರನ್ನು ಬರಹದಲ್ಲಿ ಕಂಪನಿಗೆ ಕಳಿಸಿದ್ದೇವೆ, ಬುಕಿಂಗ್ ಸಮಯದ ಮೆಸೇಜ್‌ಗಳ ಸಮೇತ. ಅದರಲ್ಲಿ ಒಂದು ಕಡೆ ಅವರೇ ‘ಹೀಟ್ ಪಂಪ್ ಇದೆ ಸರ್’ ಅಂತ ಟೈಪ್ ಮಾಡಿದ್ದಾರೆ. ಉತ್ತರ ಬಂದ ಮೇಲೆ ಏನಾಯಿತು ಅಂತ ಬರೆಯುತ್ತೇನೆ.