ಕರಾರು ಪತ್ರದ ಮಾದರಿಗಳನ್ನು ಎಲ್ಲರ ಮುಂದೆ ಇಡಲು ಗಿಟ್‌ಹಬ್: ದಾವಣಗೆರೆಯ ಪತ್ರ ಬರಹಗಾರನ ವಿಮರ್ಶೆ

ಗಿಟ್‌ಹಬ್ ಅಂದರೆ ಫೈಲುಗಳನ್ನೂ ಅವುಗಳಲ್ಲಿ ಆದ ಒಂದೊಂದು ಬದಲಾವಣೆಯನ್ನೂ ಕಾಪಾಡಿ ಇಡುವ ವೆಬ್‌ಸೈಟ್. ಅದು ಸಾಫ್ಟ್‌ವೇರ್‌ನವರ ಜಾಗ ಅಲ್ವಾ, ಅಲ್ಲಿ ಬಾಡಿಗೆ ಕರಾರಿಗೇನು ಕೆಲಸ ಅಂತ ಬಹಳ ಜನ ಕೇಳುತ್ತಾರೆ. 2008ರಲ್ಲಿ ಅದು ಶುರುವಾಗಿದ್ದು ಅವರಿಗಾಗಿಯೇ, ನಿಜ. ಆದರೆ ಯಾವ ಸಾಲು ಯಾವತ್ತು ಬದಲಾಯಿತು, ಯಾಕೆ ಬದಲಾಯಿತು ಅನ್ನುವ ಲೆಕ್ಕ ಕರಾರು ಪತ್ರಕ್ಕೂ ಬೇಕು. ಕೆಲವು ವರ್ಷಗಳಿಂದ ನನ್ನ ಮಾದರಿಗಳನ್ನೆಲ್ಲ ಅಲ್ಲೇ ಇಟ್ಟಿದ್ದೇನೆ. ಯಾರು ಬೇಕಾದರೂ ಓದಬಹುದು, ದುಡ್ಡು ಕೊಡಬೇಕಾಗಿಲ್ಲ.

ದಾವಣಗೆರೆ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಊರು. ಕಾಲೇಜು ಶುರುವಾಗುವ ಹೊತ್ತಿಗೆ ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆಯಿಂದ ಬಾಡಿಗೆ ಕರಾರಿಗೆ ಬರುವವರು ಜಾಸ್ತಿ. ಹಳೇ ಫೈಲ್ ತೆಗೆದು, ಹೆಸರು ಬದಲಿಸಿ, ಇ-ಸ್ಟಾಂಪ್ ಕಾಗದದ ಮೇಲೆ ಪ್ರಿಂಟ್ ಹೊಡೆದು ಕೊಡುವುದೇ ಎಲ್ಲ ಕಡೆ ರೂಢಿ. ಹಿಂದಿನ ಬಾಡಿಗೆದಾರರ ತಂದೆಯ ಹೆಸರು ಹೊಸ ಪತ್ರದಲ್ಲಿ ಹಾಗೇ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಗಿಟ್‌ಹಬ್‌ನಿಂದ ಆಗುವ ಉಪಕಾರಕ್ಕೆ ಉದಾಹರಣೆಯಾಗಿ ಕರಾರಿನ ಒಂದು ಷರತ್ತು ನೋಡಿ. "ಮನೆ ಖಾಲಿ ಮಾಡುವಾಗ ಬಣ್ಣದ ಖರ್ಚನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳತಕ್ಕದ್ದು." ಎಷ್ಟು ಅಂತ ಇಲ್ಲ. ಜಗಳ ಹುಟ್ಟುವುದೇ ಇಲ್ಲಿ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವಂತೆ ಆ ಸಾಲನ್ನು ತಿದ್ದಿದೆ. ಈಗ ಆ ತಿದ್ದುಪಡಿಯ ಪುಟ ತೆರೆದರೆ ಹಳೇ ಸಾಲು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ ಕಾಣುತ್ತದೆ. ತಿದ್ದಿದ ಕಾರಣವೂ ಜೊತೆಗಿದೆ. ಬೀಗದ ಕೈ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್ ಕೊಡಬೇಕು ಅನ್ನುವ ಸಾಲು ಚಿತ್ರದುರ್ಗದ ವಕೀಲರೊಬ್ಬರು ಗಿಟ್‌ಹಬ್‌ನಲ್ಲೇ ಸೂಚಿಸಿದ್ದು. ಮುಖ ಪರಿಚಯವಿಲ್ಲ, ಆದರೂ ನಮ್ಮ ಊರಿನ ಬಾಡಿಗೆದಾರರಿಗೆ ಅವರಿಂದ ಒಳ್ಳೆಯದಾಯಿತು.

ಮಾದರಿಯಲ್ಲಿರುವ ಹನ್ನೊಂದು ತಿಂಗಳ ಅವಧಿಯ ಪಕ್ಕದಲ್ಲೂ ಒಂದು ಟಿಪ್ಪಣಿ ಇಟ್ಟಿದ್ದೇನೆ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಮಂಡಿಪೇಟೆಯಲ್ಲಿ ಮೂರು ವರ್ಷಕ್ಕೆ ಅಂಗಡಿ ಹಿಡಿಯುವವರಿಗೆ ಈ ಮಾದರಿ ಆಗಿಬರುವುದಿಲ್ಲ. ಇದನ್ನು ಹೇಳದೆ ಸುಮ್ನೆ ಮಾದರಿ ಹಂಚುವುದು ನನ್ನ ಪ್ರಕಾರ ತಪ್ಪು.

ತೊಡಕುಗಳೂ ಇವೆ. ವರ್ಡ್ ಫೈಲ್ ಹಾಕಿದರೆ ಆ ಕೆಂಪು ಹಸಿರು ಕಾಣುವುದಿಲ್ಲ, ಸಾದಾ ಪಠ್ಯವಾಗಿಯೇ ಹಾಕಬೇಕು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತಕ್ಕೆ, ಬದಲಿಸಬೇಕು. ಇಲ್ಲದಿದ್ದರೆ "ಬರೆಸಿಕೊಟ್ಟ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ" ಅನ್ನುವ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬದಲಿಸಿದ ಮೇಲೂ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ಗಿಟ್‌ಹಬ್‌ನ ಬಟನ್‌ಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಮನೆ ಮಾಲೀಕರಿಗೆ ಅಲ್ಲಿಗೆ ಹೋಗಿ ಹುಡುಕಿ ಅನ್ನುವುದು ಕಷ್ಟ, ಅವರಿಗೆ ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಖಾಸಗಿ ವಿವರಗಳ ವಿಷಯ. ಅಸಲಿ ಪತ್ರವನ್ನು ಹಾಗೇ ಹಾಕಲೇಬೇಡಿ. ಹೆಸರು, ಆಧಾರ್ ನಂಬರ್, ಚೆಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ ವಿವರ) ಎಲ್ಲ ತೆಗೆದು ಖಾಲಿ ಗೆರೆ ಬಿಟ್ಟ ಮೇಲೆಯೇ ಹಾಕಬೇಕು. ಆಮೇಲೆ ಅಳಿಸಿದರಾಯಿತು ಅಂದುಕೊಳ್ಳಬೇಡಿ, ಅಳಿಸಿದ್ದೂ ಹಳೇ ಆವೃತ್ತಿಯಲ್ಲಿ ಉಳಿಯುತ್ತದೆ. ಬದಲಾವಣೆಯ ಲೆಕ್ಕ ಇಡುವ ಗುಣವೇ ಇಲ್ಲಿ ಅಪಾಯ ತರುತ್ತದೆ.

ಲೈಸೆನ್ಸ್, ಅಂದರೆ ಬೇರೆಯವರು ಬಳಸಲು ಕೊಡುವ ಪರವಾನಗಿ, ಅದನ್ನೂ ಮರೆಯಬೇಡಿ. ಪರವಾನಗಿ ಬರೆಯದಿದ್ದರೆ ಹಕ್ಕುಸ್ವಾಮ್ಯ ಬರೆದವರದ್ದೇ ಆಗಿ ಉಳಿಯುತ್ತದೆ. ಬೇರೆಯವರು ಓದಬಹುದೇ ಹೊರತು ಧೈರ್ಯವಾಗಿ ಬಳಸುವ ಹಾಗಿಲ್ಲ. ನಾನು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿಸಿ ಝೀರೋ ಅನ್ನುವ ಪರವಾನಗಿ ಹಾಕಿದ್ದೇನೆ. ಅಂದರೆ ನನ್ನ ಹಕ್ಕು ಪೂರ್ತಿ ಬಿಟ್ಟುಕೊಟ್ಟಂತೆ.

ವಕೀಲರಿಗೆ, ಪತ್ರ ಬರಹಗಾರರಿಗೆ, ಡಿಟಿಪಿ ಅಂಗಡಿಯವರಿಗೆ ಧಾರಾಳವಾಗಿ ಹೇಳುತ್ತೇನೆ, ಬಳಸಿ. ಒಂದೇ ಸಲ ಒಂದು ಪತ್ರ ಬೇಕಾದವರಿಗೆ ಇದರ ತಲೆನೋವು ಬೇಡ. ಇನ್ನು ಚನ್ನಗಿರಿ ಕಡೆಯ ಅಡಿಕೆ ಖೇಣಿಗೆ (ತೋಟದ ಫಸಲನ್ನು ಗುತ್ತಿಗೆಗೆ ಕೊಡುವ ಕರಾರು) ಒಳ್ಳೆ ಮಾದರಿ ನನ್ನ ಹತ್ತಿರ ಇಲ್ಲ. ಯಾರಾದರೂ ಬರೆದಿದ್ದರೆ ಹೆಸರುಗಳನ್ನು ತೆಗೆದು ಸೇರಿಸಿ.