ವೆಬ್ ಆಫ್ ಟ್ರಸ್ಟ್: ಹಸಿರು ಬಣ್ಣವನ್ನು ಎಷ್ಟು ನಂಬಬೇಕು?

ಜಾಲತಾಣವೊಂದು ನಂಬಿಕೆಗೆ ಅರ್ಹವೇ ಎಂಬುದನ್ನು ಬಣ್ಣದಲ್ಲಿ ಹೇಳುವ ‘ವೆಬ್ ಆಫ್ ಟ್ರಸ್ಟ್’ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಫಿನ್ಲೆಂಡಿನಲ್ಲಿ 2006ರಲ್ಲಿ ಹುಟ್ಟಿದ್ದು. ಗೂಗಲ್‌ನಲ್ಲಿ ಹುಡುಕಿದಾಗ ಕೊಂಡಿಯ ಪಕ್ಕದಲ್ಲಿ ಸಣ್ಣ ವೃತ್ತ ಮೂಡುತ್ತದೆ: ಹಸಿರಾದರೆ ಹೋಗಬಹುದು, ಹಳದಿಯಾದರೆ ಎಚ್ಚರ, ಕೆಂಪಾದರೆ ಬೇಡ. ಕಂಪ್ಯೂಟರಿನ ಗಂಧಗಾಳಿಯಿಲ್ಲದವರಿಗೂ ಟ್ರಾಫಿಕ್ ಸಿಗ್ನಲ್ ಅರ್ಥವಾಗುತ್ತದೆ ಎಂಬುದೇ ಇದರ ದೊಡ್ಡ ಗುಣ.

ಆದರೆ ಈ ಬಣ್ಣ ಬಹುಪಾಲು ಬಳಕೆದಾರರೇ ಕೊಟ್ಟ ಅಂಕಗಳಿಂದ ಬರುವುದರಿಂದ, ಅದಕ್ಕೂ ಮೊದಲು ಯಾರಾದರೂ ಆ ತಾಣಕ್ಕೆ ಹೋಗಿ ಬಂದಿರಬೇಕಾಗುತ್ತದೆ. ಮೋಸದ ಅಂಗಡಿಗಳೋ ದೂರು ಬಂದು ಕೆಂಪಾಗುವ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತವೆ. ಕಳೆದ ದೀಪಾವಳಿಯಲ್ಲಿ ನಮ್ಮ ಅತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯೊಂದನ್ನು ಒತ್ತಿ, ಇಳಕಲ್ ರೇಷ್ಮೆ ಸೀರೆಯನ್ನು 899 ರೂಪಾಯಿಗೆ ಕೊಳ್ಳಲು ಹೊರಟಿದ್ದರು. ಪುಟದಲ್ಲಿ ಬೀಗದ ಚಿತ್ರವೂ ಇತ್ತು, ‘ಇನ್ನು 2 ಮಾತ್ರ ಉಳಿದಿವೆ’ ಎಂಬ ಅವಸರವೂ ಇತ್ತು. ಜಾಲತಾಣಗಳ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಗೆ ಲುಕಪ್ ಎಂಬ ಪುಟವಿದೆ; ತಾಣದ ಹೆಸರು ಯಾವಾಗ ನೋಂದಣಿಯಾಯಿತು ಎಂಬುದನ್ನು ಅದು ತೋರಿಸುತ್ತದೆ. ಅಲ್ಲಿ ಆ ಅಂಗಡಿಯ ಡೊಮೇನ್, ಅಂದರೆ ತಾಣದ ವಿಳಾಸ, ಹಾಕಿ ನೋಡಿದೆವು. ನೋಂದಣಿಯಾಗಿ 19 ದಿನವಾಗಿತ್ತು. ಹಳೆಯ ಅಂಗಡಿಯವರು ತಡವಾಗಿ ತಾಣ ಮಾಡಿಸಿರಬಹುದು ಎಂದು ಅತ್ತಿಗೆ ವಾದಿಸಿದರು. ಆದರೆ ಕೆಳಗಿದ್ದ ಗ್ರಾಹಕರ ಮೆಚ್ಚುಗೆಗಳ ದಿನಾಂಕ ಎರಡು ವರ್ಷ ಹಿಂದಿನದಾಗಿತ್ತು! ಅಲ್ಲಿಗೆ ವಾದ ಮುಗಿಯಿತು.

ಬೀಗದ ಚಿತ್ರ ಹೇಳುವುದು ಸಂಪರ್ಕ ಸುರಕ್ಷಿತವಾಗಿದೆ ಎಂದಷ್ಟೇ ಹೊರತು ಆಚೆ ಬದಿಯಲ್ಲಿ ಕುಳಿತವರು ಯಾರು ಎಂದಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು 2015ರಿಂದ ಉಚಿತವಾಗಿ ಕೊಡುತ್ತಿರುವುದರಿಂದ ಬೀಗ ಕಳ್ಳರಿಗೂ ಸಿಗುತ್ತದೆ. ಬೀಗವಿದ್ದರೆ ತಾಣವೂ ನಂಬಿಕಸ್ಥ ಎಂದು ಜನರಲ್ಲಿದ್ದ ತಪ್ಪು ತಿಳಿವಳಿಕೆಯ ಕಾರಣದಿಂದಲೇ ಗೂಗಲ್ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನ ಅಡ್ರೆಸ್ ಬಾರ್‌ನಿಂದ ಬೀಗದ ಚಿತ್ರವನ್ನು ತೆಗೆದುಹಾಕಿತು.

ಇನ್ನು ಕಾವಲುಗಾರನದೇ ಕಥೆ. ವೆಬ್ ಆಫ್ ಟ್ರಸ್ಟ್ ಸಂಗ್ರಹಿಸಿದ ಬ್ರೌಸಿಂಗ್ ಮಾಹಿತಿ ಬೇರೆಯವರ ಕೈಗೆ ಹೋಗುತ್ತಿದೆ, ಅದರಿಂದ ವ್ಯಕ್ತಿಗಳ ಗುರುತನ್ನೂ ಪತ್ತೆ ಮಾಡಬಹುದು ಎಂದು ಜರ್ಮನಿಯ ಪ್ರಸಾರ ಸಂಸ್ಥೆ ಎನ್‌ಡಿಆರ್ 2016ರ ನವೆಂಬರಿನಲ್ಲಿ ಬಯಲಿಗೆಳೆದಾಗ, ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ ಅದನ್ನು ತನ್ನ ಎಕ್ಸ್‌ಟೆನ್ಷನ್ ಪಟ್ಟಿಯಿಂದ ಕೈಬಿಟ್ಟಿತು. ಮುಂದೆ ತಿದ್ದುಪಡಿಗಳೊಂದಿಗೆ ಅದು ಮರಳಿತಾದರೂ, ನಾವು ಎಲ್ಲೆಲ್ಲಿ ಅಡ್ಡಾಡುತ್ತೇವೆ ಎಂಬುದನ್ನು ನೋಡದೆ ಅದು ಬಣ್ಣ ಹೇಳಲಾರದು ಎಂಬ ತೊಡಕು ಹಾಗೆಯೇ ಉಳಿದಿದೆ.

ಐದರಲ್ಲಿ ನಾನು ಕೊಡುವುದು ಎರಡೂವರೆ ಅಂಕ. ನನ್ನ ಲ್ಯಾಪ್‌ಟಾಪಿನಿಂದ ಇದನ್ನು ತೆಗೆದಿದ್ದೇನೆ. ಲುಕಪ್ ಮಾಡುವ ತಾಳ್ಮೆಯಿಲ್ಲದ ಅಪ್ಪನ ಕಂಪ್ಯೂಟರಿನಲ್ಲಿ ಮಾತ್ರ, ಬ್ಯಾಂಕಿನ ವ್ಯವಹಾರಕ್ಕೆ ಬೇರೆಯೇ ಬ್ರೌಸರ್ ಹಾಕಿಕೊಟ್ಟು, ಇದನ್ನು ಉಳಿಸಿದ್ದೇನೆ.