ಜಗಳವಾಡಿ ಬಿಟ್ಟ ಕಂಪನಿಯ ಕಡತದಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆ ಎಂದು ಈಗಲೇ ನೋಡಿಕೊಳ್ಳಿ

2024ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ಒಂದು ಕಂಪನಿಗೆ ಸೇರಿದ 23ನೆಯ ದಿನ, ಎಚ್‌ಆರ್ ವಿಭಾಗದವರು ನನ್ನನ್ನು ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿ, ನನ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ಹಿಂದಿನ ಉದ್ಯೋಗಗಳ ಪರಿಶೀಲನೆ) ವರದಿ ಕೆಂಪು ಬಣ್ಣದಲ್ಲಿ ಬಂದಿದೆಯೆಂದೂ, ಆಫರ್ ಲೆಟರಿನ ಷರತ್ತಿನಂತೆ ಅಂದೇ ಸಂಜೆ ನನ್ನನ್ನು ಬಿಡುಗಡೆ ಮಾಡಬೇಕಾಗಿದೆಯೆಂದೂ ಹೇಳಿದರು. ಕಾರಣ ಕೇಳಿದಾಗ ವರದಿಯ ಒಂದು ಸಾಲನ್ನು ಓದಿದರು: ನಾನು 2021ರಲ್ಲಿ ಬಿಟ್ಟಿದ್ದ ಕಂಪನಿಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ 'ಅಬ್‌ಸ್ಕಾಂಡಿಂಗ್' ಎಂದಿತ್ತು. ಅಂದರೆ ಹೇಳದೆ ಕೇಳದೆ ಓಡಿಹೋದವನು. ಮೂರೂವರೆ ವರ್ಷ ಟೆಸ್ಟ್ ಎಂಜಿನಿಯರ್ ಆಗಿ ದುಡಿದ ಜಾಗದಲ್ಲಿ ನನ್ನ ಬಗ್ಗೆ ಉಳಿದದ್ದು ಆ ಒಂದು ಪದ ಮಾತ್ರ. ಅದು ಅಲ್ಲಿ ಹೇಗೆ ಬಂತು, ಅದನ್ನು ಬದಲಾಯಿಸಲು ಏಳು ತಿಂಗಳು ಏಕೆ ಬೇಕಾಯಿತು ಎಂಬುದನ್ನು, ಈಗ ಸಿಟ್ಟಿನಲ್ಲಿ ರಾಜೀನಾಮೆ ಬರೆಯಲು ಕುಳಿತಿರುವವರು ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

2021ರ ದೀಪಾವಳಿಯ ಹೊತ್ತಿಗೆ ನಾನು ಹೊಸದುರ್ಗ ತಾಲ್ಲೂಕಿನ ನಮ್ಮ ಊರಿನಿಂದಲೇ ಕೆಲಸ ಮಾಡುತ್ತಿದ್ದೆ. ಹಬ್ಬದ ವಾರ ರಜೆ ಮಂಜೂರಾಗಿತ್ತು. ಆದರೂ ಅಮಾವಾಸ್ಯೆಯ ರಾತ್ರಿ ಕೆಲಸಕ್ಕೆ ಕೂರಿಸಿದರು, ಮರುದಿನದ ಮೀಟಿಂಗಿನಲ್ಲಿ ಬೇರೆಯವರು ಮಾಡಿದ ತಪ್ಪನ್ನು ಮ್ಯಾನೇಜರ್ ನನ್ನ ಮೇಲೆ ಹೊರಿಸಿದರು. ಅವರು ಮಾಡಿದ್ದು ಅನ್ಯಾಯವೆಂದು ಅಂದು ಅನಿಸಿತ್ತು, ಇಂದಿಗೂ ಹಾಗೆಯೇ ಅನಿಸುತ್ತದೆ. ನವೆಂಬರ್ 8ರ ಸೋಮವಾರ ನಾಲ್ಕು ಸಾಲಿನ ರಾಜೀನಾಮೆಯನ್ನು ಮೇಲ್ ಮಾಡಿದೆ. ಆ ನಾಲ್ಕರಲ್ಲಿ ಮೂರು ಸಾಲು ಮ್ಯಾನೇಜರರ ಮೇಲಿನ ದೂರೇ ಆಗಿತ್ತು. ಕೊನೆಯ ಕೆಲಸದ ದಿನ ಯಾವುದು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) ಎಷ್ಟು ಎಂಬುದನ್ನು ಬರೆದಿರಲೇ ಇಲ್ಲ.

ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಪೀರಿಯಡ್ 90 ದಿನ. ಹೊಸದಾಗಿ ಸಿಕ್ಕಿದ್ದ ಸ್ಟಾರ್ಟಪ್‌ನವರು ಜನವರಿ ಮೊದಲ ವಾರಕ್ಕೆ ಬನ್ನಿ ಎಂದಿದ್ದರು. ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಹೊರಡುತ್ತೇನೆ ಎಂದು ಬೈಔಟ್ ಕೇಳಿದಾಗ ಮ್ಯಾನೇಜರ್ ಒಪ್ಪಲಿಲ್ಲ. ಆದರೆ ನಮ್ಮ ಟೀಮ್ ಲೀಡ್ ಫೋನಿನಲ್ಲಿ, "ನೀನು ಹೋಗಪ್ಪ, ಎಲ್ಲರೂ ಹೀಗೇ ಹೋಗುತ್ತಿದ್ದಾರೆ, ಏನೂ ಆಗುವುದಿಲ್ಲ" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. 2021-22ರಲ್ಲಿ ಕೆಲವು ದೊಡ್ಡ ಐಟಿ ಕಂಪನಿಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ. 20ನ್ನೂ ಮೀರಿತ್ತು, ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಆಫರ್‌ಗಳಿದ್ದವು. ಆ ಗಾಳಿಯಲ್ಲಿ ನಾನೂ ತೂರಿಕೊಂಡೆ. ಡಿಸೆಂಬರ್ 8ರವರೆಗೆ, ಅಂದರೆ 31 ದಿನ ಕೆಲಸ ಮಾಡಿ, ಮರುದಿನದಿಂದ ಲಾಗಿನ್ ಆಗುವುದನ್ನು ನಿಲ್ಲಿಸಿದೆ. ಲ್ಯಾಪ್‌ಟಾಪನ್ನು ಹೊಸದುರ್ಗದಿಂದ ಕೊರಿಯರ್ ಮಾಡಿದೆ. ಅದು ತಲುಪಿತೆಂದು ಕಂಪನಿಯಿಂದ ಒಂದು ಸಾಲಿನ ಉತ್ತರವನ್ನೂ ಕೇಳಿ ಪಡೆಯಲಿಲ್ಲ. ಕೊರಿಯರ್ ಚೀಟಿಯ ಅಕ್ಷರಗಳು ಒಂದು ವರ್ಷದೊಳಗೆ ಮಾಸಿ ಬಿಳಿ ಹಾಳೆಯಷ್ಟೇ ಉಳಿಯಿತು.

ಸ್ಟಾರ್ಟಪ್‌ನವರು ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಕೇಳಲಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದ ಸಂಸ್ಥೆಯಾದ್ದರಿಂದ ಅಲ್ಲಿ ಪಿಎಫ್ ಕೂಡ ಇರಲಿಲ್ಲ. ಎರಡು ವರ್ಷ ಯಾರೂ ಏನೂ ಕೇಳದ ಕಾರಣ ಆ ಪ್ರಕರಣ ಮುಗಿದೇಹೋಯಿತೆಂದು ನಂಬಿದ್ದೆ. ನಾನು ಮಾಡಿದ ತಪ್ಪುಗಳಲ್ಲಿ ಅತ್ಯಂತ ದುಬಾರಿಯಾದದ್ದು ಈ ನಂಬಿಕೆಯೇ. 2024ರ ಮಾರ್ಚಿನಲ್ಲಿ ಸ್ಟಾರ್ಟಪ್ ನಮ್ಮ ಇಡೀ ತಂಡವನ್ನು ಕೈಬಿಟ್ಟಿತು. ಮೇ ತಿಂಗಳಲ್ಲಿ ಸೇರಿದ ಕಂಪನಿಯ ಗ್ರಾಹಕ ಒಂದು ಬ್ಯಾಂಕ್ ಆಗಿದ್ದರಿಂದ, ಅಲ್ಲಿ ಹಿಂದಿನ ಎಲ್ಲ ಉದ್ಯೋಗಗಳನ್ನೂ ಒಂದೊಂದಾಗಿ ಪರಿಶೀಲಿಸುತ್ತಿದ್ದರು.

ಪರಿಶೀಲನೆ ನಡೆಯುವ ರೀತಿಯನ್ನು ನಾನು ಪೂರ್ತಿ ತಪ್ಪಾಗಿ ತಿಳಿದಿದ್ದೆ. ಯಾರೋ ಹಳೆಯ ಮ್ಯಾನೇಜರಿಗೆ ಫೋನ್ ಮಾಡಿ 'ಹುಡುಗ ಹೇಗೆ' ಎಂದು ಕೇಳುತ್ತಾರೆ, ಒಳ್ಳೆಯ ಮಾತಾಡುವ ಒಬ್ಬರ ನಂಬರ್ ಕೊಟ್ಟರೆ ಸಾಕು ಎಂದುಕೊಂಡಿದ್ದೆ. ವಾಸ್ತವದಲ್ಲಿ ಪರಿಶೀಲನಾ ಏಜೆನ್ಸಿಯವರು ಹಳೆಯ ಕಂಪನಿಯ ಎಚ್‌ಆರ್ ಮೇಲ್ ವಿಳಾಸಕ್ಕೇ ಒಂದು ನಮೂನೆ ಕಳಿಸುತ್ತಾರೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆ, ಬಿಡಲು ಕಾರಣ, ಬಿಡುವಾಗಿನ ವಿಧಿಗಳೆಲ್ಲ ಮುಗಿದಿವೆಯೇ, ಈ ವ್ಯಕ್ತಿಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂಬಂತಹ ಪ್ರಶ್ನೆಗಳು ಅದರಲ್ಲಿರುತ್ತವೆ. ನನ್ನ ನಮೂನೆಯನ್ನು ತುಂಬಿದವರು ನಾನು ಬಿಟ್ಟ ಮೇಲೆ ಅಲ್ಲಿ ಸೇರಿದವರು. ಅವರಿಗೆ ನನ್ನ ಜಗಳವೂ ಗೊತ್ತಿಲ್ಲ, ಮ್ಯಾನೇಜರರ ಅನ್ಯಾಯವೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿದ್ದುದನ್ನು ನೋಡಿ ಬರೆದರು, ಅಷ್ಟೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ದಿನಾಂಕಗಳಿಂದ. ನನ್ನ ರೆಸ್ಯೂಮಿನಲ್ಲಿ ಕೊನೆಯ ದಿನ 2021ರ ಡಿಸೆಂಬರ್ 8 ಎಂದಿತ್ತು. ಕಂಪನಿಯ ದಾಖಲೆಯಲ್ಲಿ ನನ್ನನ್ನು ಸೇವೆಯಿಂದ ತೆಗೆದ ದಿನ 2022ರ ಜನವರಿ 17. ಪಿಎಫ್ ಖಾತೆಯಲ್ಲಿದ್ದುದು ಮೂರನೆಯ ದಿನಾಂಕ. ಕಂಪನಿ ನಿರ್ಗಮನದ ದಿನಾಂಕ ತುಂಬದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರೇ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪೋರ್ಟಲಿನಲ್ಲಿ ಆಧಾರ್ ಒಟಿಪಿ ಮೂಲಕ ಅದನ್ನು ನಮೂದಿಸಬಹುದು, ಆದರೆ ಕೊನೆಯ ವಂತಿಗೆ ಬಂದ ತಿಂಗಳಿನ ದಿನಾಂಕವನ್ನಷ್ಟೇ ಅದು ಒಪ್ಪುತ್ತದೆ. ನವೆಂಬರಿನ ಸಂಬಳವನ್ನು ಕಂಪನಿ ತಡೆಹಿಡಿದಿದ್ದರಿಂದ ಆ ತಿಂಗಳ ವಂತಿಗೆ ಬಂದಿರಲಿಲ್ಲ; ಹೀಗಾಗಿ ನಾನು ಯೋಚಿಸದೆ ಅಕ್ಟೋಬರ್ 31 ಎಂದು ತುಂಬಿಬಿಟ್ಟಿದ್ದೆ. ಒಬ್ಬನೇ ಮನುಷ್ಯ, ಒಂದೇ ಕೆಲಸ, ಬಿಟ್ಟ ದಿನಗಳು ಮೂರು. ಸಾಲದ್ದಕ್ಕೆ ಸ್ಟಾರ್ಟಪ್‌ಗೆ ನಾನು ಸೇರಿದ್ದು ಜನವರಿ 3ರಂದು. ಹಳೆಯ ಕಂಪನಿಯ ದಾಖಲೆಯನ್ನೇ ನಂಬಿದರೆ ಎರಡು ವಾರ ನಾನು ಎರಡೂ ಕಡೆ ಉದ್ಯೋಗಿಯಾಗಿದ್ದೆನೆಂದು ಅರ್ಥ. 'ಓಡಿಹೋದವನು' ಎಂಬುದರ ಜೊತೆಗೆ 'ಒಂದೇ ಕಾಲಕ್ಕೆ ಎರಡು ಕೆಲಸ ಮಾಡಿದವನು' ಎಂಬ ಸಂಶಯವೂ ವರದಿಯಲ್ಲಿ ಸೇರಿತು.

ಆ ಜನವರಿ 17 ಎಲ್ಲಿಂದ ಬಂತೆಂಬುದು ತಿಳಿದದ್ದು ಕೆಲಸ ಕಳೆದುಕೊಂಡು ಊರಿಗೆ ಹೋದಾಗ. ನನ್ನ ಮಾತು ಕೇಳಿದ ಅಪ್ಪ ಎದ್ದು ಹೋಗಿ, ಪಹಣಿ ಮತ್ತು ಕರೆಂಟ್ ಬಿಲ್ಲುಗಳನ್ನು ಇಡುವ ಟ್ರಂಕಿನಿಂದ ಮೂರು ಲಕೋಟೆಗಳನ್ನು ತಂದು ನನ್ನ ಮುಂದಿಟ್ಟರು. ಮೂರೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನನ್ನ ಶಾಶ್ವತ ವಿಳಾಸಕ್ಕೆ ಬಂದಿದ್ದವು, ಸ್ವೀಕೃತಿಗೆ ಅಪ್ಪನೇ ಸಹಿ ಹಾಕಿದ್ದರು. ಮೊದಲನೆಯದರಲ್ಲಿ ಮೂರು ದಿನದೊಳಗೆ ಕೆಲಸಕ್ಕೆ ಹಾಜರಾಗಬೇಕೆಂದಿತ್ತು. ಎರಡನೆಯದು ಕಾರಣ ಕೇಳುವ ನೋಟಿಸು. ಮೂರನೆಯದು ಸೇವೆಯಿಂದ ತೆಗೆದ ಆದೇಶ. "ಇಂಗ್ಲಿಷ್ ಕಾಗದ ಕಣಪ್ಪ, ನಿನ್ನ ಸಂಬಳದ್ದೇನೋ ಇರಬೇಕು, ಬಂದಾಗ ಕೊಡೋಣ ಅಂತ ಎತ್ತಿಟ್ಟಿದ್ದೆ, ಆಮೇಲೆ ಮರೆತೇಹೋಯಿತು" ಎಂದರು. ನಾನು ಮೊದಲನೆಯ ಪತ್ರಕ್ಕೆ, 'ನವೆಂಬರ್ 8ರಂದೇ ರಾಜೀನಾಮೆ ಕೊಟ್ಟಿದ್ದೇನೆ, ಉಳಿದ 59 ದಿನಗಳ ಹಣ ಕಟ್ಟಲು ಸಿದ್ಧನಿದ್ದೇನೆ' ಎಂದು ಒಂದು ಪುಟ ಉತ್ತರ ಬರೆದಿದ್ದರೆ 'ಅಬ್‌ಸ್ಕಾಂಡಿಂಗ್' ಎಂದು ಬರೆಯುವುದು ಅವರಿಗೆ ಸುಲಭವಾಗುತ್ತಿರಲಿಲ್ಲ. ಉತ್ತರ ಬಾರದ ಮೂರು ಪತ್ರಗಳು ಕಡತದಲ್ಲಿದ್ದರೆ, ಓಡಿಹೋದನೆಂಬ ಮಾತಿಗೆ ಅದಕ್ಕಿಂತ ಬೇರೆ ಸಾಕ್ಷಿ ಯಾರಿಗೂ ಬೇಕಾಗುವುದಿಲ್ಲ.

ಸಂಕಟದಲ್ಲಿ ಮೊದಲು ನೆನಪಾದವರು ಟೀಮ್ ಲೀಡ್. ಅವರನ್ನು ನನ್ನ ರೆಫರೆನ್ಸ್ ಎಂದು ಬರೆದುಕೊಟ್ಟಿದ್ದೆ, ಏಜೆನ್ಸಿಯವರು ಫೋನ್ ಮಾಡಿದಾಗ ನನ್ನ ಕೆಲಸವನ್ನು ಮನಸಾರೆ ಹೊಗಳಿಯೂ ಇದ್ದರು. ಆದರೆ ರಾಜೀನಾಮೆಯ ವಿಷಯ ತಮಗೆ ಗೊತ್ತಿತ್ತೆಂದು ಕಂಪನಿಯ ಮೇಲ್‌ನಿಂದ ಒಂದು ಸಾಲು ಬರೆದುಕೊಡಿ ಸರ್ ಎಂದಾಗ ಅವರ ದನಿ ಇಳಿಯಿತು. "ಬೇಜಾರು ಮಾಡಿಕೊಳ್ಳಬೇಡ. ನಾನು ಇನ್ನೂ ಅಲ್ಲೇ ಇದ್ದೇನೆ. ಬಾಯಲ್ಲಿ ಎಷ್ಟು ಬೇಕಾದರೂ ಹೇಳುತ್ತೇನೆ, ಬರೆದುಕೊಡಲಾರೆ" ಎಂದರು. ಅವರ ಕಷ್ಟ ನನಗೆ ಅರ್ಥವಾಯಿತು. ಬಾಯಿಮಾತಿನ ಅನುಮತಿಯನ್ನು ನೆಚ್ಚಿ ಹೊರಟವನು ನಾನು. ಅವತ್ತೇ 'ನೀವು ಫೋನಿನಲ್ಲಿ ತಿಳಿಸಿದಂತೆ' ಎಂದು ಅವರಿಗೂ ಎಚ್‌ಆರ್‌ಗೂ ಒಂದು ಮೇಲ್ ಹಾಕಿದ್ದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆ ದಿನಗಳಲ್ಲಿ ಪರಿಚಯದವರೊಬ್ಬರು ಮಾರತ್ತಹಳ್ಳಿಯ ಒಂದು ಕನ್ಸಲ್ಟೆನ್ಸಿಗೆ ಕರೆದೊಯ್ದರು. 25,000 ರೂಪಾಯಿ ಕೊಟ್ಟರೆ ಬೇರೊಂದು ಕಂಪನಿಯ ಹೆಸರಿನಲ್ಲಿ ಎಕ್ಸ್‌ಪೀರಿಯೆನ್ಸ್ ಲೆಟರ್, ಪೇಸ್ಲಿಪ್, ಫೋನಿನಲ್ಲಿ ಉತ್ತರಿಸುವವರು, ಎಲ್ಲವನ್ನೂ ಒದಗಿಸುತ್ತೇವೆ ಎಂದರು. ಕೈಯಲ್ಲಿ ಕೆಲಸವಿಲ್ಲದವನಿಗೆ ಆ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆಂದು ನನಗೆ ಗೊತ್ತು. ದಯವಿಟ್ಟು ಅತ್ತ ಹೋಗಬೇಡಿ. ಪಿಎಫ್ ಸೇವಾ ಇತಿಹಾಸದಲ್ಲಿ ಹಳೆಯ ಕಂಪನಿಯ ಹೆಸರು ಇದ್ದೇ ಇರುತ್ತದೆ, ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ಯಾರು ನಿಮ್ಮ ಸಂಬಳದಿಂದ ತೆರಿಗೆ ಹಿಡಿದರು ಎಂಬುದೂ ಇರುತ್ತದೆ. ಕಾಗದ ಸುಳ್ಳು ಹೇಳಿದರೂ ಅವು ಹೇಳುವುದಿಲ್ಲ. ನೋಟಿಸ್ ಪೂರೈಸದೆ ಬಿಟ್ಟದ್ದು ಕೇವಲ ಕರಾರು ಮುರಿದಂತೆ, ನಕಲಿ ಪತ್ರ ಕೊಡುವುದು ಅಪರಾಧ.

ಕೊನೆಗೆ ದಾರಿ ತೋರಿಸಿದ್ದು ಆ ಎರಡು ದಾಖಲೆಗಳೇ. ಕಂಪನಿಯ ಲಾಗಿನ್ ಹೋದ ದಿನವೇ ನನ್ನ ಪೇಸ್ಲಿಪ್‌ಗಳೂ, ರಾಜೀನಾಮೆಯ ಮೇಲ್ ಕೂಡ ಹೋಗಿದ್ದವು. ಉಳಿದದ್ದು ಬ್ಯಾಂಕ್ ಪಾಸ್‌ಬುಕ್ಕು, ಫಾರ್ಮ್ 16 (ಸಂಬಳದಲ್ಲಿ ತೆರಿಗೆ ಹಿಡಿದುದಕ್ಕೆ ಕಂಪನಿ ಕೊಡುವ ಪ್ರಮಾಣಪತ್ರ), 26ಎಎಸ್ ಮತ್ತು ಪಿಎಫ್ ಪಾಸ್‌ಬುಕ್ಕು. ಅಲ್ಲಿ ದುಡಿದೆನೆಂಬುದನ್ನು ಸಾಬೀತುಪಡಿಸಲು ಇವು ಸಾಕು, ಸರಿಯಾಗಿ ಬಿಟ್ಟೆನೆಂಬುದಕ್ಕೆ ಸಾಲವು. 2024ರ ಜುಲೈಯಲ್ಲಿ ಇವುಗಳ ಪ್ರತಿಗಳನ್ನೂ, ಕೊರಿಯರ್‌ನವರಿಂದ ಎಸ್‌ಎಂಎಸ್ ಆಗಿ ಬಂದಿದ್ದು ಹಳೆಯ ಫೋನಿನಲ್ಲಿ ಉಳಿದಿದ್ದ ರವಾನೆ ಸಂಖ್ಯೆಯನ್ನೂ ಸೇರಿಸಿ, ಒಂದೂ ದೂರಿನ ಮಾತಿಲ್ಲದ ಪತ್ರವನ್ನು ಎಚ್‌ಆರ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ನವೆಂಬರ್ 8ರ ಮೇಲ್ ನಿಮ್ಮ ಸರ್ವರಿನಲ್ಲಿದೆ, ನೋಡಿ ಎಂದು ಕೇಳಿಕೊಂಡೆ. ಎರಡು ತಿಂಗಳಿಗೆ ಉತ್ತರ ಬಂತು. 59 ದಿನಗಳಿಗೆ 1,37,667 ರೂಪಾಯಿ ಕಟ್ಟಬೇಕು, ತಡೆಹಿಡಿದ ಸಂಬಳವನ್ನು ಅದರಲ್ಲಿ ಮುರಿದುಕೊಂಡರೂ ಇನ್ನೂ 49,000 ಬಾಕಿ ಎಂದಿದ್ದರು.

ಇಲ್ಲಿ ನೇಮಕಾತಿ ಪತ್ರವನ್ನು ಮತ್ತೆ ಓದಿದ್ದು ಒಳ್ಳೆಯದಾಯಿತು. ಅವರು ಲೆಕ್ಕ ಹಾಕಿದ್ದು ತಿಂಗಳಿಗೆ 70,000ದ ಒಟ್ಟು ಸಂಬಳದ ಮೇಲೆ. ಪತ್ರದಲ್ಲಿದ್ದುದು 'ಮೂಲ ವೇತನ' ಎಂದು, ಅದು 28,000. ಹಾಗೆ ಲೆಕ್ಕ ಹಾಕಿದರೆ ನಾನು ಕೊಡಬೇಕಾದದ್ದು 55,067. ನನಗೆ ಬರಬೇಕಿದ್ದ ನವೆಂಬರ್ ಸಂಬಳ ಮತ್ತು ಡಿಸೆಂಬರಿನ ಎಂಟು ದಿನಗಳದ್ದು ಸೇರಿ 88,667. ಅಂದರೆ 33,600 ರೂಪಾಯಿ ಅವರೇ ನನಗೆ ಕೊಡಬೇಕಿತ್ತು. ಕಾರ್ಮಿಕ ಇಲಾಖೆಗೆ ದೂರು ಕೊಡು ಎಂದು ಗೆಳೆಯರು ಹೇಳಿದರು. ನನಗೆ ಹಣಕ್ಕಿಂತ ಕಾಗದ ಮುಖ್ಯವಾಗಿತ್ತು. ಯಾರೂ ಯಾರಿಗೂ ಏನೂ ಕೊಡಬೇಕಿಲ್ಲವೆಂದು ಬರೆದು ಇಬ್ಬರೂ ಸಹಿ ಹಾಕಿದೆವು. 2025ರ ಫೆಬ್ರವರಿಯಲ್ಲಿ ಸೇವಾ ಪತ್ರ ಬಂತು. ಕೊನೆಯ ದಿನ ಡಿಸೆಂಬರ್ 8 ಎಂದೂ, ಕಾರಣ 'ರಾಜೀನಾಮೆ, ನೋಟಿಸ್ ಅವಧಿ ಪೂರೈಸಿಲ್ಲ' ಎಂದೂ ಬದಲಾಯಿಸಿದರು. 'ಮತ್ತೆ ತೆಗೆದುಕೊಳ್ಳುವಿರಾ' ಎಂಬುದರ ಮುಂದೆ ಇಂದಿಗೂ 'ಇಲ್ಲ' ಎಂದೇ ಇದೆ, ಅದನ್ನು ಒಪ್ಪಿಕೊಂಡಿದ್ದೇನೆ.

ಈಗಿನ ಕಾನೂನು ಸ್ವಲ್ಪ ನೆರವಿಗೆ ಬರುತ್ತದೆ: 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ 17ನೇ ಸೆಕ್ಷನ್, ರಾಜೀನಾಮೆ ಕೊಟ್ಟವರಿಗೂ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ. ಆದರೆ ಅದು ವೇತನದ ಮಾತು. ದಾಖಲೆಯಲ್ಲಿರುವ ಪದವನ್ನು ಅದು ತಿದ್ದುವುದಿಲ್ಲ. ಬಾಂಡಿಗೆ, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರಿಗೆ, ಸಹಿ ಹಾಕಿದವರು ಇನ್ನಷ್ಟು ಎಚ್ಚರದಿಂದಿರಬೇಕು. ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಆದರೆ ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು, ಕರ್ನಾಟಕ ಹೈಕೋರ್ಟ್ ಒಪ್ಪದಿದ್ದರೂ, ಸುಪ್ರೀಂ ಕೋರ್ಟ್ 2025ರ ಮೇಯಲ್ಲಿ ಎತ್ತಿಹಿಡಿದಿದೆ.

ಸೇವಾ ಪತ್ರ ಬಂದ ಮೇಲೆ ಏಪ್ರಿಲಿನಲ್ಲಿ ಇನ್ನೊಂದು ಕಂಪನಿಗೆ ಸೇರಿದೆ, ಸಂಬಳ ಮೊದಲಿಗಿಂತ ಕಡಿಮೆ. ಸಂದರ್ಶನ ಮುಗಿದು ಆಫರ್ ಬರುವ ಮುನ್ನವೇ, ಹಳೆಯ ಕಂಪನಿಯಲ್ಲಿ ನೋಟಿಸ್ ಪೂರೈಸಿಲ್ಲವೆಂದೂ, ಪಿಎಫ್ ದಿನಾಂಕ ಬೇರೆ ಇರುವುದೇಕೆಂದೂ ಅವರಿಗೆ ಮೇಲ್ ಬರೆದು ಸೇವಾ ಪತ್ರವನ್ನು ಲಗತ್ತಿಸಿದ್ದೆ. ಎರಡು ಪ್ರಶ್ನೆ ಕೇಳಿ ಸುಮ್ಮನಾದರು. ಈ ಕಂಪನಿಯ ದಾಖಲೆಯಲ್ಲಿ ಊರಿನ ವಿಳಾಸದ ಜೊತೆಗೆ ಬೆಂಗಳೂರಿನ ಬಾಡಿಗೆ ಮನೆಯ ವಿಳಾಸವನ್ನೂ ಕೊಟ್ಟಿದ್ದೇನೆ. ಊರಿಗೆ ಯಾವ ಇಂಗ್ಲಿಷ್ ಕಾಗದ ಬಂದರೂ, ಅದು ಯಾರದ್ದೇ ಆಗಿರಲಿ, ಅಪ್ಪ ಅಂದೇ ಅದನ್ನು ಪಕ್ಕದ ಮನೆಯ ಹುಡುಗನಿಂದ ಫೋಟೊ ತೆಗೆಸಿ ನನಗೆ ಕಳಿಸುತ್ತಾರೆ.